ಎಫ್‌ಎ ಪೇಪರ್‌ಗೆ ಗ್ರೇಡ್ ಬೇಡ, ಎರಡು ಸಾಲು ಬರೆಯಲು ಬಿಡಿ: ಶಾಲಾ ಶಿಕ್ಷಣ ಇಲಾಖೆಗೆ ಬಹಿರಂಗ ಪತ್ರ

ಇವರಿಗೆ,
ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ,
ನೃಪತುಂಗ ರಸ್ತೆ, ಬೆಂಗಳೂರು.
ಜೊತೆಗೆ ಈ ಊರಿನ ಎಲ್ಲ ಅಪ್ಪ ಅಮ್ಮಂದಿರಿಗೂ.

ಮಾನ್ಯರೇ,

ನಾನು ಕೇಳುವುದು ಒಂದೇ ವಿಷಯ. 4ರಿಂದ 7ನೇ ತರಗತಿವರೆಗಿನ ಮಕ್ಕಳ ಎಫ್‌ಎ (ಪಾಠದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನ) ಪೇಪರ್ ಮೇಲೆ ಗ್ರೇಡ್ ಹಾಕುವುದನ್ನು ನಿಲ್ಲಿಸಿ. ಮಗು ಎಲ್ಲಿ ಎಡವಿದೆ, ಈಗ ಏನು ಮಾಡಬೇಕು ಅಂತ ಟೀಚರ್ ಅಲ್ಲಿ ಎರಡು ಸಾಲು ಬರೆಯಲಿ. ಅದನ್ನು ಓದಿ ಮಗು ತಪ್ಪಿದ್ದನ್ನು ಮತ್ತೆ ಮಾಡಲಿ. ವರ್ಷಕ್ಕೆ ಎರಡು ಸಲ ಬರುವ ದೊಡ್ಡ ಪರೀಕ್ಷೆ ಎಸ್‌ಎಗೆ (ಸಂಕಲನಾತ್ಮಕ ಮೌಲ್ಯಮಾಪನ) ಗ್ರೇಡ್ ಇರಲಿ. ಎಸ್‌ಎಸ್‌ಎಲ್‌ಸಿ ಹೇಗಿದೆಯೋ ಹಾಗೇ ಇರಲಿ, ಅದರ ತಂಟೆಗೆ ನಾನು ಬರುವುದಿಲ್ಲ.

ನಾನು ವಿಜಯನಗರದ ಆಸುಪಾಸಿನ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಮಕ್ಕಳ ಅಮ್ಮಂದಿರಲ್ಲಿ ಎಷ್ಟೋ ಜನ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಪ್ಪಂದಿರು ಆಟೋ ಓಡಿಸುತ್ತಾರೆ, ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ನಿಂತವರ ಮಕ್ಕಳೂ ಇದ್ದಾರೆ. ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ. ಪ್ರತಿ ಸಲವೂ ಪೇಪರ್ ತಿದ್ದಬೇಕು, ಅಂಕ ಕೂಡಬೇಕು, ಗ್ರೇಡ್ ಹಾಕಬೇಕು, ರಿಜಿಸ್ಟರ್‌ಗೆ ಇಳಿಸಬೇಕು, ಆಮೇಲೆ ಸ್ಯಾಟ್ಸ್‌ಗೆ, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಗೆ, ಏರಿಸಬೇಕು. ಅಷ್ಟರಲ್ಲಿ ಪಾಠ ಮುಂದೆ ಓಡಿರುತ್ತದೆ. ಪೇಪರ್ ಮಗುವಿನ ಕೈಗೆ ಬಂದಾಗ ಅದರ ಬಗ್ಗೆ ಮಾತಾಡಲು ಯಾರಿಗೂ ಹೊತ್ತಿರುವುದಿಲ್ಲ.

ಗ್ರೇಡ್ ಬೇಕಾ ಬೇಡವಾ ಅನ್ನೋ ಜಗಳ ಹಳೆಯದು. ಒಂದು ಕಡೆಯವರು ಗ್ರೇಡ್ ಇಲ್ಲದಿದ್ದರೆ ಮಕ್ಕಳು ಓದುವುದೇ ಇಲ್ಲ ಅನ್ನುತ್ತಾರೆ. ಇನ್ನೊಂದು ಕಡೆಯವರು ಗ್ರೇಡ್ ಅಂದರೆ ಹಿಂಸೆ ಅನ್ನುತ್ತಾರೆ. ಇಬ್ಬರೂ ಪೇಪರ್ ತೆಗೆದು ನೋಡುವುದು ಕಮ್ಮಿ. ಹಾಗಾಗಿ ಒಂದು ಪೇಪರ್ ಇಲ್ಲೇ ತೆರೆಯುತ್ತೇನೆ.

ಆರನೇ ತರಗತಿ, ಭಿನ್ನರಾಶಿ. ಒಬ್ಬ ಹುಡುಗಿ 2/7 + 3/7 ಕೊಟ್ಟಾಗ 5/7 ಅಂತ ಸರಿಯಾಗಿ ಬರೆದಿದ್ದಾಳೆ. ಅಂಥ ಎಲ್ಲ ಲೆಕ್ಕವೂ ಸರಿ. ಮುಂದಿನ ಪ್ರಶ್ನೆ 1/2 + 1/3. ಅದಕ್ಕೆ ಅವಳ ಉತ್ತರ 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟಿದ್ದಾಳೆ. ಇದನ್ನು ಅಜಾಗರೂಕತೆ ಅನ್ನುವ ಹಾಗಿಲ್ಲ. ಛೇದ ಒಂದೇ ಇದ್ದರೆ ಹಾಗೇ ಇಡಬೇಕು ಅನ್ನುವ ನಿಯಮ ಅವಳಿಗೆ ಗೊತ್ತು. ಆದರೆ 1/2 ಅಂದರೆ ಎಷ್ಟು, 1/3 ಅಂದರೆ ಎಷ್ಟು ಅನ್ನುವುದು ಅವಳ ಕಣ್ಣ ಮುಂದೆ ಬಂದೇ ಇಲ್ಲ. ಬಂದಿದ್ದರೆ 2/5 ಬರೆಯುವಾಗ ಕೈ ತಡೆಯುತ್ತಿತ್ತು. ಏಕೆಂದರೆ 2/5 ಅರ್ಧಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅದು ಅರ್ಧಕ್ಕಿಂತ ಕಮ್ಮಿ ಆಗುವುದು ಹೇಗೆ?

ಆ ಪೇಪರ್‌ಗೆ ಲೆಕ್ಕದ ಪ್ರಕಾರ ಬಿ ಪ್ಲಸ್ ಬರುತ್ತದೆ. ಪಕ್ಕದಲ್ಲಿ ಕೂತ ಹುಡುಗನಿಗೂ ಬಿ ಪ್ಲಸ್. ಅವನಿಗೆ ಭಿನ್ನರಾಶಿ ಚೆನ್ನಾಗಿ ಬರುತ್ತದೆ. ಅವನ ತೊಂದರೆ ದಶಮಾಂಶದಲ್ಲಿ. 0.5ಕ್ಕಿಂತ 0.25 ದೊಡ್ಡದು ಅಂತ ಬರೆದಿದ್ದಾನೆ, 25 ಐದಕ್ಕಿಂತ ದೊಡ್ಡದಲ್ವಾ ಅನ್ನುವುದು ಅವನ ವಾದ. ಹಿಂದಿನ ಬೆಂಚಿನ ಇನ್ನೊಬ್ಬನಿಗೂ ಬಿ ಪ್ಲಸ್. ಅವನಿಗೆ ಗಣಿತದ ತೊಂದರೆಯೇ ಇಲ್ಲ. ಮನೆಯಲ್ಲಿ ತೆಲುಗು ಮಾತಾಡುವ ಹುಡುಗ, ಕನ್ನಡದಲ್ಲಿ ಮೂರು ಸಾಲು ಇರುವ ಲೆಕ್ಕ ಬಂದರೆ ಓದುವುದರಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತಾನೆ. ಅದೇ ಲೆಕ್ಕವನ್ನು ನಾನು ಬಾಯಲ್ಲಿ ಹೇಳಿದರೆ ಎಲ್ಲರಿಗಿಂತ ಮುಂಚೆ ಉತ್ತರ ಹೇಳುತ್ತಾನೆ.

ಮೂರು ಮಕ್ಕಳಿಗೂ ನಾಳೆ ಬೇಕಾಗಿರುವುದು ಬೇರೆ ಬೇರೆ. ಬಿ ಪ್ಲಸ್ ಅಂತ ಬರೆದಾಗ ಮೂವರಿಗೂ ಒಂದೇ ಮಾತು ಹೇಳಿದ ಹಾಗಾಯಿತು. ಅದೂ ಏನು ಮಾತು? 'ನೀನು ಪರವಾಗಿಲ್ಲ, ಇನ್ನೂ ಓದು' ಅಂತ. ಏನು ಓದಬೇಕು? ಆ ಹುಡುಗಿ ಮನೆಗೆ ಹೋಗಿ ಅದೇ ನಿಯಮವನ್ನು ಇನ್ನೊಂದು ಸಲ ಉರು ಹೊಡೆಯುತ್ತಾಳೆ, ಅಷ್ಟೇ.

ಅವಳ ಪೇಪರ್‌ನಲ್ಲಿ ನಾನು ಬರೆದದ್ದು ಇಷ್ಟು: 'ಅರ್ಧದಿಂದ ಶುರು ಮಾಡಿದೆ, ಅದಕ್ಕೆ ಇನ್ನೂ ಸೇರಿಸಿದೆ. ಉತ್ತರ ಅರ್ಧಕ್ಕಿಂತ ಜಾಸ್ತಿ ಬರಬೇಕಾ, ಕಮ್ಮಿಯಾ? ಒಂದೇ ಉದ್ದದ ಎರಡು ಪಟ್ಟಿ ಬರೆದು ನೋಡು.' ಅವಳು ಸ್ಕೇಲ್ ಹಿಡಿದು 10 ಸೆಂಟಿಮೀಟರ್‌ನ ಎರಡು ಪಟ್ಟಿ ಎಳೆದಳು. ಒಂದನ್ನು ಐದು ಭಾಗ ಮಾಡಿ ಎರಡಕ್ಕೆ ಬಣ್ಣ ತುಂಬಿದಳು. ಇನ್ನೊಂದನ್ನು ಅರ್ಧಕ್ಕೆ ಬಣ್ಣ ಮಾಡಿದಳು. ನಾಲ್ಕು ಸೆಂಟಿಮೀಟರ್ ಒಂದು ಕಡೆ, ಐದು ಇನ್ನೊಂದು ಕಡೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು: 'ಹಾಗಾದ್ರೆ ತುಂಡುಗಳು ಒಂದೇ ಸೈಜಲ್ಲಿ ಇದ್ರೆ ಮಾತ್ರ ಕೂಡ್ಬೋದಾ ಮಿಸ್?' ಛೇದ ಸಮ ಮಾಡುವುದು ಯಾಕೆ ಅನ್ನುವ ಪಾಠ ಪೂರ್ತಿ ಆ ಪ್ರಶ್ನೆಯೊಳಗೇ ಇದೆ. 3/6 + 2/6, ಅಂದರೆ 5/6. ಅದನ್ನು ಅವಳೇ ಮಾಡಿದಳು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಎರಡು ಸಾಲೂ ಬರೆಯಿರಿ, ಗ್ರೇಡ್ ಕೂಡ ಹಾಕಿ, ಏನು ನಷ್ಟ? ನಮ್ಮ ಸ್ಟಾಫ್ ರೂಮಿನಲ್ಲೂ ಇದನ್ನೇ ಕೇಳುತ್ತಾರೆ. ನಷ್ಟ ಇದೆ. ಗ್ರೇಡ್ ಇದ್ದರೆ ಮಕ್ಕಳು ಸಾಲು ಓದುವುದಿಲ್ಲ. ಪೇಪರ್ ಹಂಚುವ ಹೊತ್ತಿಗೆ ಯಾವ ಕ್ಲಾಸಿಗೆ ಬೇಕಾದರೂ ಬಂದು ನಿಂತು ನೋಡಿ. ಮಗುವಿನ ಕಣ್ಣು ಮೊದಲು ಹೋಗುವುದು ಮೇಲಿನ ಕೆಂಪು ಅಕ್ಷರಕ್ಕೆ, ಎರಡನೆಯದಾಗಿ ಪಕ್ಕದವನ ಪೇಪರ್‌ಗೆ. 'ನಿಂಗೆಷ್ಟು?' ಅಂತ ಕೇಳಿ ಆಗುವಷ್ಟರಲ್ಲಿ ಪೇಪರ್ ಮಡಚಿ ಬ್ಯಾಗಿಗೆ ಹೋಗಿರುತ್ತದೆ. ಕೆಲವರು ಇಡೀ ಪೇಪರ್ ತಿರುವಿ ಹಾಕುತ್ತಾರೆ, ಆದರೆ ಅದು ಅಂಕ ಕೂಡಿದ್ದರಲ್ಲಿ ತಪ್ಪಿದೆಯಾ ಅಂತ ಹುಡುಕಲು.

ಇದು ನನ್ನ ಕ್ಲಾಸಿನ ಕಥೆ ಮಾತ್ರ ಅಲ್ಲ. ಇಸ್ರೇಲ್‌ನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಶಿಕ್ಷಣದ ಬಗ್ಗೆ ಓದುವವರಿಗೆಲ್ಲ ಪರಿಚಿತ. ಹೆಚ್ಚೂಕಮ್ಮಿ ನಮ್ಮ ಆರನೇ ತರಗತಿಯ ವಯಸ್ಸಿನ ಮಕ್ಕಳು. ಒಂದು ಗುಂಪಿಗೆ ಅವರ ಕೆಲಸದ ಬಗ್ಗೆ ಬರೆದ ಮಾತು ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ಗ್ರೇಡ್ ಮಾತ್ರ. ಮೂರನೆಯದಕ್ಕೆ ಎರಡೂ. ಮಾತು ಮಾತ್ರ ಸಿಕ್ಕಿದ ಮಕ್ಕಳ ಕೆಲಸ ಮುಂದಿನ ಸಲ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರು ಗ್ರೇಡ್ ಮಾತ್ರ ಸಿಕ್ಕವರ ಹಾಗೇ ಇದ್ದರು. ಅಂದರೆ ಗ್ರೇಡ್ ಪಕ್ಕದಲ್ಲಿ ಬರೆದ ಒಳ್ಳೆಯ ಮಾತು ಬರೆಯದೆ ಇದ್ದ ಹಾಗೇ. ಇನ್ನೂ ಒಂದು ವಿಷಯ ಅಲ್ಲಿ ಕಂಡಿತು. ಗ್ರೇಡ್ ಕೊಟ್ಟಾಗ ಮುಂದಿರುವ ಮಕ್ಕಳ ಆಸಕ್ತಿ ಅಷ್ಟೇನೂ ಕುಗ್ಗಲಿಲ್ಲ, ಹಿಂದಿರುವವರದು ಕುಗ್ಗಿತು. ಹತ್ತು ವರ್ಷದ ನಂತರ, 1998ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಕ್ಲಾಸಿನೊಳಗೆ ನಡೆಯುವ ಮೌಲ್ಯಮಾಪನ ಮಗುವಿಗೆ ಮುಂದಿನ ಹೆಜ್ಜೆ ತೋರಿಸಿದರೆ ಕಲಿಕೆ ಚೆನ್ನಾಗಿ ಏರುತ್ತದೆ, ಹಿಂದುಳಿದ ಮಕ್ಕಳಿಗೆ ಅದರ ಲಾಭ ಇನ್ನೂ ಜಾಸ್ತಿ ಅಂತ ಹೇಳಿದರು.

ನಮ್ಮಲ್ಲಿ ಎಫ್‌ಎ ತಂದದ್ದೇ ಈ ಕೆಲಸಕ್ಕೆ ಅಲ್ವಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಬೇಕು ಅನ್ನುತ್ತದೆ. ಮಗುವಿಗೆ ಅರ್ಥ ಆಗಿದೆಯಾ, ಅರ್ಥ ಆದದ್ದನ್ನು ಬಳಸಲು ಬರುತ್ತದಾ ಅಂತ ನೋಡಬೇಕು ಅನ್ನುತ್ತದೆ. ಅದೇ ಸೆಕ್ಷನ್ನಿನಲ್ಲಿ ಮಗುವಿಗೆ ಭಯ, ಆತಂಕ ಇರಬಾರದು ಅಂತಲೂ ಇದೆ. ಎಫ್‌ಎಗೆ ಗ್ರೇಡ್ ಅಂಟಿಸಿದ ಮೇಲೆ ಅದು ಒಂದು ಸಣ್ಣ ಎಸ್‌ಎ ಆಗಿಬಿಟ್ಟಿತು. ವರ್ಷಕ್ಕೆ ಎರಡು ದೊಡ್ಡ ಪರೀಕ್ಷೆ ಇದ್ದದ್ದು ಆರು ಪರೀಕ್ಷೆ ಆಯಿತು. ಈಗ ಎಫ್‌ಎ ಹಿಂದಿನ ದಿನವೂ ಮಕ್ಕಳು ಹೊಟ್ಟೆನೋವು ಅನ್ನುತ್ತಾರೆ.

ಗ್ರೇಡಿನ ಪಟ್ಟಿಯನ್ನೇ ಒಂದು ಸಲ ನೋಡಿ. 90ರ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕೂ ಕೆಳಗೆ ಸಿ. ಒಂದು ಮಗು ಜುಲೈನಲ್ಲಿ 51 ತೆಗೆದುಕೊಂಡಿತು, ಕಷ್ಟಪಟ್ಟು ಜನವರಿಗೆ 68ಕ್ಕೆ ಬಂತು. ಅದು ಸಣ್ಣ ಏರಿಕೆ ಅಲ್ಲ. ಆದರೆ ಕಾರ್ಡಿನಲ್ಲಿ ಆಗಲೂ ಬಿ ಪ್ಲಸ್, ಈಗಲೂ ಬಿ ಪ್ಲಸ್. ಅಪ್ಪ 'ಅಲ್ಲೇ ಇದ್ದೀಯಲ್ಲೋ' ಅನ್ನುತ್ತಾರೆ. ಇನ್ನೊಂದು ಮಗು 69ರಿಂದ 70ಕ್ಕೆ ಬಂತು, ಒಂದು ಅಂಕ, ಬಿ ಪ್ಲಸ್ ಹೋಗಿ ಎ ಆಯಿತು, ಮನೆಯಲ್ಲಿ ಸಿಹಿ. ಅದೇ ಮಗು ಎಸ್‌ಎಸ್‌ಎಲ್‌ಸಿಗೆ ಹೋದರೆ ಅಲ್ಲಿ ಎ ಶುರುವಾಗುವುದು 80ರ ಸುಮಾರಿಗೆ, 625ಕ್ಕೆ 500 ಬರಬೇಕು. ಅಕ್ಷರ ಒಂದೇ, ಅರ್ಥ ಬೇರೆ. ಏನೂ ಓದಿಲ್ಲದ ಅಮ್ಮನಿಗೆ ಇದನ್ನು ವಿವರಿಸಲು ನನಗೆ ಪ್ರತಿ ಸಲ ಕಷ್ಟವಾಗುತ್ತದೆ.

ಅಪ್ಪ ಅಮ್ಮಂದಿರೇ, ಈಗ ನಿಮ್ಮ ಜೊತೆ ಸ್ವಲ್ಪ ಮಾತು.

ನಿಮ್ಮ ಆತಂಕ ನನಗೆ ಚೆನ್ನಾಗಿ ಗೊತ್ತು. ಈ ಊರಿನಲ್ಲಿ ಕೆಲಸ ಸಿಗುವುದು ಸುಲಭ ಅಲ್ಲ, ಮನೆ ಬಾಡಿಗೆ ಕಟ್ಟುವುದೂ ಸುಲಭ ಅಲ್ಲ. ಒಂದು ದಿನದ ಸಂಬಳ ಬಿಟ್ಟು ನೀವು ಮೀಟಿಂಗಿಗೆ ಬರುತ್ತೀರಿ. ಬಂದವರಿಗೆ ನಾವು ಒಂದು ಕಾರ್ಡ್ ಕೊಟ್ಟು, ಸಹಿ ಹಾಕಿಸಿಕೊಂಡು, 'ಮನೆಯಲ್ಲಿ ಸ್ವಲ್ಪ ಓದಿಸಿ' ಅಂತ ಹೇಳಿ ಕಳಿಸುತ್ತೇವೆ. ಆ ಮಾತಿನಿಂದ ನಿಮಗೆ ಏನು ಸಿಕ್ಕಿತು? ಮಗುವಿಗೆ ಬೈಯಲು ಒಂದು ಕಾರಣ ಸಿಕ್ಕಿತು, ಇಲ್ಲವೇ ಟ್ಯೂಷನ್‌ಗೆ ಕಳಿಸಲು. ಅದರ ಬದಲು 'ನಿಮ್ಮ ಮಗನಿಗೆ ಲೆಕ್ಕ ಬರುತ್ತೆ, ಕನ್ನಡ ಓದೋದು ನಿಧಾನ. ದಿನಾ ರಾತ್ರಿ ಪುಸ್ತಕದ ಒಂದು ಪುಟ ಜೋರಾಗಿ ಓದಿಸಿ, ನೀವು ಸುಮ್ನೆ ಕೂತು ಕೇಳಿ ಸಾಕು' ಅಂತ ಹೇಳಿದ್ದರೆ? ಓದಲು ಬಾರದ ಅಮ್ಮನೂ ಅದನ್ನು ಮಾಡಬಹುದು. ಹಾಗೆ ಮಾಡಿದವರು ನಮ್ಮಲ್ಲಿದ್ದಾರೆ. ಮನೆಗೆ ಗ್ರೇಡ್ ಹೋದರೆ ಅಪ್ಪ ಅಮ್ಮ ಜಡ್ಜ್ ಆಗುತ್ತಾರೆ. ಮಗುವಿಗೆ ಆಗ ಮನೆಯಲ್ಲಿ ಬೇಕಾದದ್ದು ಜೊತೆಗೆ ಕೂರುವ ಒಬ್ಬರು.

ಇನ್ನೊಂದು ಮಾತನ್ನು ನೀವು ತಪ್ಪದೆ ಕೇಳುತ್ತೀರಿ. 'ಮಿಸ್, ಹತ್ತನೇ ಕ್ಲಾಸಲ್ಲಿ ಮಾರ್ಕ್ಸ್ ಬೇಕೇ ಬೇಕಲ್ಲ. ಈಗಿಂದ ಅಭ್ಯಾಸ ಆಗದಿದ್ರೆ ಆಗ ಹೇಗೆ?' ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಮಾರ್ಕ್ಸ್ ಬಡವರ ಮಕ್ಕಳಿಗೆ ಒಂದು ಆಧಾರ. ಯಾರ ಶಿಫಾರಸೂ ಇಲ್ಲದ ಮನೆಯ ಹುಡುಗಿ ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ತಂದರೆ ಪಿಯು ಸೀಟನ್ನು ಯಾರ ಕಾಲೂ ಹಿಡಿಯದೆ ಕೇಳಬಹುದು, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು. ಮೌಲ್ಯಮಾಪಕರಿಗೆ ಅವಳ ಹೆಸರು ಗೊತ್ತಿಲ್ಲ, ಜಾತಿ ಗೊತ್ತಿಲ್ಲ, ಅಪ್ಪನ ಕೆಲಸ ಗೊತ್ತಿಲ್ಲ. ಅದಕ್ಕೇ ನಾನು ಎಸ್‌ಎಸ್‌ಎಲ್‌ಸಿ ತಂಟೆಗೆ ಬರುವುದಿಲ್ಲ ಅಂದದ್ದು. ಎಲ್ಲ ಕಡೆ ಗ್ರೇಡ್ ತೆಗೆದುಹಾಕಿ, ಟೀಚರ್ ಅಭಿಪ್ರಾಯವೇ ಸಾಕು ಅಂತ ಹೇಳುವವರ ಜೊತೆ ನಾನಿಲ್ಲ. ಅಭಿಪ್ರಾಯದ ಮೇಲೆ ಸೀಟು ಹಂಚಿದರೆ ಅದು ಯಾರ ಮಕ್ಕಳಿಗೆ ಸಿಗುತ್ತದೆ ಅಂತ ನಮಗೆ ಗೊತ್ತಿದೆ.

ಆದರೆ ಹತ್ತು ವರ್ಷದ ಮಗುವಿನ ಎಫ್‌ಎ ಪೇಪರ್ ಮೇಲೆ ಯಾವ ಸೀಟೂ ನಿಂತಿಲ್ಲ. ಅಲ್ಲಿ ಯಾರನ್ನೂ ಆರಿಸಬೇಕಾಗಿಲ್ಲ, ಕಲಿಸಬೇಕು ಅಷ್ಟೇ. ಹತ್ತನೇ ಕ್ಲಾಸಿನಲ್ಲಿ ಮಾರ್ಕ್ಸ್ ಬರಬೇಕು ಅಂದರೆ ಆರನೇ ಕ್ಲಾಸಿನಲ್ಲಿ 1/2 + 1/3 ಅರ್ಥ ಆಗಿರಬೇಕು. ಅದು ಅರ್ಥವಾಗದ ಮಗು ಬೀಜಗಣಿತದ ಹತ್ತಿರ ಬಂದಾಗ ಪೂರ್ತಿ ಕೈಚೆಲ್ಲುತ್ತದೆ. ಒಂಬತ್ತನೇ ತರಗತಿಯಲ್ಲಿ ನಾನು ಕಾಣುವ ಸೋತ ಮುಖಗಳಲ್ಲಿ ಹೆಚ್ಚಿನವು ಆರನೆಯದರಲ್ಲೇ ಭಿನ್ನರಾಶಿಯಲ್ಲಿ ಸೋತವು. ಆಗ ಅವರ ಕಾರ್ಡಿನಲ್ಲಿ ಬಿ ಪ್ಲಸ್ ಇತ್ತು, ಎಲ್ಲರೂ ಪರವಾಗಿಲ್ಲ ಅಂದುಕೊಂಡರು.

ಆಮೇಲೆ ಹತ್ತನೆಯದರಲ್ಲಿ ನಡೆಯುವುದು ಎಲ್ಲ ಶಿಕ್ಷಕರಿಗೂ ಗೊತ್ತು. ಪಾಸಿಂಗ್ ಪ್ಯಾಕೇಜ್. ಈ ಚಿತ್ರ ಬರೆ, ಈ ಪ್ರಮೇಯ ಬಾಯಿಪಾಠ ಮಾಡು, ಈ ಗ್ರಾಫ್ ಹಾಕು, ಇಷ್ಟು ಮಾಡಿದರೆ ಪಾಸ್. ಮಗುವನ್ನು ದಡ ಮುಟ್ಟಿಸಬೇಕು ಅನ್ನುವ ಕಾಳಜಿಯಿಂದಲೇ ಟೀಚರ್‌ಗಳು ಇದನ್ನು ಮಾಡುತ್ತಾರೆ. ಬೆಳಗ್ಗೆ ಬೇಗ ಬರುತ್ತಾರೆ, ಭಾನುವಾರವೂ ಕ್ಲಾಸ್ ತೆಗೆದುಕೊಳ್ಳುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಹಾಗೆ ಪಾಸಾದ ಮಗುವಿಗೆ ತ್ರಿಭುಜದ ಬಗ್ಗೆ ಏನಾದರೂ ತಿಳಿಯಿತಾ? ಫಲಿತಾಂಶ ಮಾತ್ರ ಏರಬೇಕು ಅಂತ ಮೇಲಿನಿಂದ ಒತ್ತಡ ಬಂದಾಗ ಕೆಳಗೆ ಇದಕ್ಕಿಂತ ಬೇರೆ ನಡೆಯುವುದು ಕಷ್ಟ.

2024ರ ಎಸ್‌ಎಸ್‌ಎಲ್‌ಸಿ ನೆನಪಿದೆಯಲ್ಲ. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ದೂರದಿಂದಲೇ ನೋಡುವ ವ್ಯವಸ್ಥೆ, ಬಂತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳು ಅಷ್ಟು ದಡ್ಡರಾಗಲು ಸಾಧ್ಯವೇ ಇಲ್ಲ. ಹಿಂದಿನ ಸಂಖ್ಯೆಗಳು ಕಲಿಕೆಯನ್ನು ಎಷ್ಟು ಹೇಳುತ್ತಿದ್ದವು ಅನ್ನುವ ಪ್ರಶ್ನೆ ಅಲ್ಲಿ ಎದ್ದಿತು. ಅಂಕದ ಮೇಲೆ ಜಿಲ್ಲೆಯ ಸ್ಥಾನ, ಶಾಲೆಯ ಹೆಸರು, ಟೀಚರ್‌ಗೆ ನೋಟಿಸ್ ಎಲ್ಲ ನಿಂತರೆ ಅಂಕ ಸುಳ್ಳು ಹೇಳಲು ಶುರು ಮಾಡುತ್ತದೆ. ದೊಡ್ಡ ಪರೀಕ್ಷೆಯಲ್ಲಿ ಇದನ್ನು ಕ್ಯಾಮೆರಾ ಹಾಕಿ ತಡೆಯಬಹುದು. ಎಫ್‌ಎಗೆ ಯಾರು ಕ್ಯಾಮೆರಾ ಹಾಕುತ್ತಾರೆ? ಸ್ಯಾಟ್ಸ್‌ನಲ್ಲಿ ಸಿ ಕಂಡರೆ ವಿವರಣೆ ಕೇಳುತ್ತಾರೆ ಅನ್ನುವ ಭಯಕ್ಕೆ ಬಿ ಹಾಕುವುದು ಎಷ್ಟು ಕಡೆ ಇಲ್ಲ? ಸಿ ಬರಬೇಕಾದ ಮಗುವಿಗೆ ಬಿ ಬಂದಾಗ ಆ ಮಗುವಿಗೆ ಸಹಾಯ ಬೇಕು ಅನ್ನುವ ವಿಷಯವೇ ಅಳಿಸಿಹೋಗುತ್ತದೆ.

ಗ್ರೇಡ್ ಇಲ್ಲದೆ ಮಗುವಿನ ಮಟ್ಟ ತಿಳಿಯುವುದು ಹೇಗೆ ಅಂತ ಕೇಳುವವರಿಗೆ ನಮ್ಮ ಮನೆಯಲ್ಲೇ ಉತ್ತರ ಇದೆ. ನಲಿಕಲಿ. ಎಚ್.ಡಿ. ಕೋಟೆಯ ಶಾಲೆಗಳಲ್ಲಿ 90ರ ದಶಕದಲ್ಲಿ ಹುಟ್ಟಿದ ಪದ್ಧತಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗೆ ಬಂತು. ಅಲ್ಲಿ ಕಲಿಕಾ ಏಣಿ ಇದೆ, ಮೆಟ್ಟಿಲು ಇದೆ, ಮೈಲಿಗಲ್ಲು ಇದೆ. ಮಗು ಕಾರ್ಡ್ ತೆಗೆದುಕೊಂಡು ತನ್ನ ಮೆಟ್ಟಿಲಿನ ಚಟುವಟಿಕೆ ಮಾಡುತ್ತದೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದು ಗುಂಪಿನವರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದು ಗುಂಪು ತಾನೇ ಮಾಡಿಕೊಳ್ಳುತ್ತದೆ. ಗೋಡೆಯ ಮೇಲಿನ ಪ್ರಗತಿ ನೋಟ ಓದಿದರೆ ಯಾವ ಮಗು ಎಲ್ಲಿದೆ ಅಂತ ಹೊಸದಾಗಿ ಬಂದ ಟೀಚರ್‌ಗೂ ಗೊತ್ತಾಗುತ್ತದೆ. ನಲಿಕಲಿಯಲ್ಲಿ ಕೊರತೆಗಳಿಲ್ಲ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಟೀಚರ್ ಇರುವ ಕಡೆ ಎಷ್ಟು ಕಷ್ಟ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಆದರೆ ಮಗು ಮುಂದೆ ಯಾವ ಕಾರ್ಡ್ ತೆಗೆದುಕೊಳ್ಳಬೇಕು ಅನ್ನುವುದು ಅಲ್ಲಿ ಸ್ಪಷ್ಟ. ಅದೇ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಹೋಯಿತು, ಎ ಪ್ಲಸ್, ಬಿ, ಸಿ ಬಂತು. ಯಾಕೆ ಹೀಗೆ?

ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ ಮಕ್ಕಳ ಕಲಿಕೆಯ ಮಟ್ಟ ತಿಳಿಯಲು 2005ರಿಂದ ಹಳ್ಳಿಗಳಲ್ಲಿ ಮಾಡುವ ಅಸರ್ ಸಮೀಕ್ಷೆಯನ್ನೇ ನೋಡಿ. ಒಂದು ಹಾಳೆ ಹಿಡಿದು ಒಬ್ಬೊಬ್ಬ ಮಗುವಿನ ಪಕ್ಕ ಕೂತು ಓದಿಸುತ್ತಾರೆ. ಮಗುವಿಗೆ ಅಕ್ಷರ ಬರುತ್ತದೆ, ಪದ ಬರುತ್ತದೆ, ಪ್ಯಾರಾ ಬರುತ್ತದೆ, ಕಥೆ ಬರುತ್ತದೆ ಅಂತ ಬರೆದುಕೊಳ್ಳುತ್ತಾರೆ. 2022ರಲ್ಲಿ ದೇಶದ ಹಳ್ಳಿಗಾಡಿನ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 42.8 ಮಾತ್ರ. ಆ ಮಕ್ಕಳೆಲ್ಲ ಐದನೇ ತರಗತಿವರೆಗೆ ಬಂದವರೇ ಅಲ್ವಾ? 'ಪದ ಓದುತ್ತಾನೆ, ಪ್ಯಾರಾ ಬರುವುದಿಲ್ಲ' ಅನ್ನುವ ಒಂದು ಸಾಲು ಸಿಕ್ಕಿದರೆ ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ನನಗೆ ಗೊತ್ತಾಗುತ್ತದೆ. 'ಕನ್ನಡ: ಬಿ' ಅಂದರೆ ಗೊತ್ತಾಗುವುದಿಲ್ಲ.

ಗ್ರೇಡ್ ಬೇಡ ಅಂದರೆ ಎಲ್ಲರನ್ನೂ ಪಾಸ್ ಮಾಡಿ ಅಂತ ಅರ್ಥ ಮಾಡಿಕೊಳ್ಳಬೇಡಿ. ಫೇಲ್ ಮಾಡುವುದು, ಮಾಡದಿರುವುದು ಬೇರೆ ವಿಷಯ. 5 ಮತ್ತು 8ನೇ ತರಗತಿಯಲ್ಲಿ ಫೇಲ್ ಮಾಡಲು ರಾಜ್ಯಗಳಿಗೆ ಅವಕಾಶ ಕೊಟ್ಟ ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ, ಆ ತರಗತಿಗಳ ಪರೀಕ್ಷೆ, ಹೈಕೋರ್ಟ್, ಸುಪ್ರೀಂ ಕೋರ್ಟ್, 2024ರ ಏಪ್ರಿಲ್‌ನಲ್ಲಿ ಬಂದ ತಡೆ, ಅದೆಲ್ಲದರ ನಡುವೆ ಮಕ್ಕಳೂ ನಾವೂ ಸಾಕಷ್ಟು ಒದ್ದಾಡಿದ್ದೇವೆ. ಫಲಿತಾಂಶ ಕೊಡಬೇಕಾ ಬೇಡವಾ ಅಂತ ಗೊತ್ತಿಲ್ಲದೆ ಪೇಪರ್ ಕಟ್ಟು ಇಟ್ಟುಕೊಂಡು ಕೂತಿದ್ದೆವು. ಆ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ.

ಹೋಗಬೇಕಾದದ್ದು ಸಿಬಿಎಸ್‌ಇ ಕಲಿತ ಪಾಠಕ್ಕೆ. ಅವರು 2009ರಲ್ಲಿ ನಿರಂತರ ಮೌಲ್ಯಮಾಪನ ತಂದು, 2017ರಲ್ಲಿ ಕೈಬಿಟ್ಟು, 2018ರಿಂದ ಹತ್ತನೆಯದಕ್ಕೆ ಬೋರ್ಡ್ ಪರೀಕ್ಷೆಯನ್ನು ಮತ್ತೆ ಎಲ್ಲರಿಗೂ ಕಡ್ಡಾಯ ಮಾಡಿದರು. ಆ ವರ್ಷಗಳಲ್ಲಿ ಬೆಂಗಳೂರಿನ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಸಂಜೆ ಥರ್ಮಾಕೋಲ್, ಚಾರ್ಟ್, ರೆಡಿಮೇಡ್ ಮಾಡೆಲ್ ಕೊಳ್ಳುವ ಅಮ್ಮಂದಿರ ಸಾಲು ಇರುತ್ತಿತ್ತು. ಪ್ರಾಜೆಕ್ಟ್ ಮಾಡುವವರು ಮನೆಯವರು, ಗ್ರೇಡ್ ಮಗುವಿಗೆ. ಟೀಚರ್‌ಗಳಿಗೆ ಫೈಲ್ ತುಂಬುವ ಕೆಲಸ. ಎಲ್ಲದಕ್ಕೂ ಗ್ರೇಡ್ ಕೊಡಲು ಹೋದದ್ದೇ ಅಲ್ಲಿ ಆದ ಎಡವಟ್ಟು ಅಂತ ನನಗೆ ಅನ್ನಿಸುತ್ತದೆ. ಹಾಡಿಗೆ ಗ್ರೇಡ್, ಸ್ನೇಹಕ್ಕೆ ಗ್ರೇಡ್, ಶಿಸ್ತಿಗೆ ಗ್ರೇಡ್. ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುವ 360 ಡಿಗ್ರಿ ಪ್ರಗತಿ ಪತ್ರವೂ ಇದೇ ದಾರಿ ಹಿಡಿಯಬಹುದು ಅನ್ನುವ ಭಯ ನನಗಿದೆ. ಕಾರ್ಡ್ ಉದ್ದವಾಗುತ್ತದೆ, ಕಾಲಂ ಹೆಚ್ಚಾಗುತ್ತದೆ, ಮಗು ಮತ್ತೆ ಮಾಡಿ ನೋಡುವ ಹೊತ್ತು ಮಾತ್ರ ಎಲ್ಲೂ ಸಿಗುವುದಿಲ್ಲ.

ಆಯುಕ್ತರೇ, ಸಮಯದ ವಿಷಯವನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಹೋದ್ಯೋಗಿಗಳು ನನ್ನ ಮೇಲೆ ಸಿಟ್ಟಾಗುವುದು ನ್ಯಾಯವೇ. ಕಾಯ್ದೆಯ ಪ್ರಕಾರ 1ರಿಂದ 5ಕ್ಕೆ 30 ಮಕ್ಕಳಿಗೆ ಒಬ್ಬರು ಟೀಚರ್, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು. ಒಬ್ಬರೇ ಎರಡು ಮೂರು ಸೆಕ್ಷನ್ ನೋಡಿಕೊಳ್ಳುತ್ತಾರೆ. ನೂರು ಪೇಪರ್‌ಗೆ ಎರಡೆರಡು ಸಾಲು ಅಂದರೆ ಸಣ್ಣ ಕೆಲಸ ಅಲ್ಲ. ಆದರೆ ಒಂದು ತರಗತಿಯಲ್ಲಿ ತಪ್ಪುಗಳು ಮಕ್ಕಳಷ್ಟು ಇರುವುದಿಲ್ಲ. ಭಿನ್ನರಾಶಿಯಲ್ಲಿ ಮೂರೋ ನಾಲ್ಕೋ ತರಹದ ತಪ್ಪು, ಅಷ್ಟೇ. ನಾನು ಪೇಪರ್‌ಗಳನ್ನು ತಪ್ಪಿನ ಪ್ರಕಾರ ಗುಡ್ಡೆ ಮಾಡಿಕೊಳ್ಳುತ್ತೇನೆ. ಒಂದೊಂದು ಗುಡ್ಡೆಗೆ ಒಂದೊಂದು ಮಾತು, ಬೇಕಾದವರಿಗೆ ಸ್ವಲ್ಪ ಬದಲಿಸಿ. ಎಲ್ಲ ಸರಿ ಮಾಡಿದವರಿಗೆ ಇನ್ನೊಂದು ಕಷ್ಟದ ಲೆಕ್ಕ, ಇಲ್ಲವೇ 'ನೀನು ಇದನ್ನು ಹೇಗೆ ಮಾಡಿದೆ ಅಂತ ಬರೆ' ಅನ್ನುವ ಒಂದು ಸಾಲು. ಅಂಕ ಕೂಡುವುದು, ಶೇಕಡಾ ಮಾಡುವುದು, ರಿಜಿಸ್ಟರ್ ಮತ್ತು ಸ್ಯಾಟ್ಸ್‌ಗೆ ಏರಿಸುವುದು ಇಲ್ಲದಿದ್ದರೆ ಇದಕ್ಕೆ ಹೊತ್ತು ಸಿಗುತ್ತದೆ. ನಮ್ಮ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ನಾನು ಪೇಪರ್‌ಗೆ ಮೊದಲು ಸಾಲು ಮಾತ್ರ ಬರೆದು ಕೊಡುತ್ತೇನೆ, ಮಕ್ಕಳು ತಿದ್ದಿ ತಂದ ಮೇಲೆ ಗ್ರೇಡ್ ಹಾಕಿ ರಿಜಿಸ್ಟರ್ ಮಾಡುತ್ತೇನೆ. ಮೊದಲ ದಿನ 'ಮಿಸ್, ಎಷ್ಟು ಬಂತು ಹೇಳಿ' ಅಂತ ಪೀಡಿಸುತ್ತಾರೆ. ಆಮೇಲೆ ಬೇರೆ ದಾರಿ ಇಲ್ಲದೆ ಬರೆದದ್ದನ್ನು ಓದುತ್ತಾರೆ. ಓದಿದ ಮೇಲೆ ಪಕ್ಕದವನಿಗೆ 'ನಿಂಗೇನು ಬರ್ದಿದಾರೆ?' ಅಂತ ಕೇಳುತ್ತಾರೆ. ಕೇಳಿ, ಕೆಲವು ಸಲ ಅಲ್ಲೇ ಹೇಳಿಕೊಡುತ್ತಾರೆ.

ಎಲ್ಲ ಮಕ್ಕಳೂ ಹೀಗೆ ಅರಳಿಬಿಡುತ್ತಾರೆ ಅಂತ ನಾನು ಭರವಸೆ ಕೊಡಲಾರೆ. ಬರೆದದ್ದನ್ನು ಓದದೆ ಬಿಡುವವರೂ ಇರುತ್ತಾರೆ. ಅಂಥವರ ಪಕ್ಕ ಕೂರಬೇಕಾಗುತ್ತದೆ. ಆದರೆ ಯಾರ ಪಕ್ಕ ಕೂರಬೇಕು ಅಂತ ಈಗ ನನಗೆ ಗೊತ್ತಿದೆ.

ಇದನ್ನು ಇಡೀ ರಾಜ್ಯಕ್ಕೆ ಒಂದೇ ಸಲ ಮಾಡಿ ಅಂತ ಕೇಳುವುದಿಲ್ಲ. ಬೆಂಗಳೂರಿನ ಒಂದು ಶೈಕ್ಷಣಿಕ ಬ್ಲಾಕ್ ತೆಗೆದುಕೊಳ್ಳಿ. ಸರ್ಕಾರಿ, ಅನುದಾನಿತ, ಖಾಸಗಿ ಮೂರೂ ಇರಲಿ, ಕನ್ನಡ ಮಾಧ್ಯಮ, ಉರ್ದು ಮಾಧ್ಯಮ, ಇಂಗ್ಲಿಷ್ ಮಾಧ್ಯಮ ಇರಲಿ. ಒಂದು ವರ್ಷ 4ರಿಂದ 7ರವರೆಗೆ ಎಫ್‌ಎಗೆ ಗ್ರೇಡ್ ಬೇಡ ಅಂತ ಸುತ್ತೋಲೆ ಹೊರಡಿಸಿ. ಸ್ಯಾಟ್ಸ್‌ನಲ್ಲಿ ಆ ಕಾಲಂ ಖಾಲಿ ಬಿಟ್ಟರೆ ಯಾರಿಗೂ ನೋಟಿಸ್ ಬರುವುದಿಲ್ಲ ಅಂತ ಬರವಣಿಗೆಯಲ್ಲಿ ಕೊಡಿ, ಇದು ಮುಖ್ಯ. ಬಾಯಿಮಾತಿನ ಭರವಸೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿವರೆಗೆ ಬರುವಷ್ಟರಲ್ಲಿ ಕರಗಿಹೋಗುತ್ತದೆ. ಪ್ರತಿ ಎಫ್‌ಎ ಆದ ಮೇಲೆ ಎರಡು ಪಿರಿಯಡ್ 'ಮತ್ತೆ ಮಾಡುವ' ಹೊತ್ತು ಅಂತ ಟೈಮ್‌ಟೇಬಲ್‌ನಲ್ಲೇ ಇಡಿ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಶಾಲೆಗೆ ಬಂದಾಗ ರಿಜಿಸ್ಟರ್ ಕೇಳುವ ಬದಲು ಯಾವುದಾದರೂ ಐದು ಪೇಪರ್ ತೆಗೆದು, ಬರೆದ ಮಾತು ಮತ್ತು ಮಗು ಮತ್ತೆ ಮಾಡಿದ್ದು ಎರಡನ್ನೂ ಓದಲಿ. ಮಾರ್ಚ್‌ನಲ್ಲಿ ಆ ಬ್ಲಾಕಿನ ಎಸ್‌ಎ ಪೇಪರ್‌ಗಳನ್ನು ಪಕ್ಕದ ಬ್ಲಾಕಿನ ಪೇಪರ್ ಜೊತೆ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಎಫ್‌ಎ-1 ಜುಲೈನಲ್ಲಿ ಬರುತ್ತದೆ. ಶಾಲೆ ಶುರುವಾಗುವ ಮೊದಲೇ ಸುತ್ತೋಲೆ ಬಂದರೆ ಮೊದಲ ಮೀಟಿಂಗ್‌ನಲ್ಲೇ ಅಪ್ಪ ಅಮ್ಮಂದಿರಿಗೆ ಹೇಳಿ ಒಪ್ಪಿಸಬಹುದು. ನಿಮ್ಮ ಕಚೇರಿಯಿಂದ ಯಾರಾದರೂ ಬರುವುದಾದರೆ ನಮ್ಮ ಮುಖ್ಯೋಪಾಧ್ಯಾಯರಿಗೆ ಹೇಳಿ ಆರನೇ ತರಗತಿಯ ಪೇಪರ್ ಕಟ್ಟನ್ನು ತೆಗೆದಿಟ್ಟಿರುತ್ತೇನೆ. ಬಣ್ಣ ತುಂಬಿದ ಆ ಎರಡು ಪಟ್ಟಿಯೂ ಅದರಲ್ಲೇ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ,
ವಿಜಯನಗರ, ಬೆಂಗಳೂರು